ನೆತ್ತಿಯ ಬೆಣ್ಣೆ

ಹಸುವಿನ ಹಿಂದೆ ನಿಂತು ಭುಜದವರೆಗೆ ಕೈ ತೂರಿಸಿದಾಗ ಮಾತ್ರ ಶಿವಪ್ರಸಾದನಿಗೆ ತಾನು ಯಾರಿಗೂ ಏನನ್ನೂ ಹೇಳಬೇಕಾಗಿಲ್ಲ ಎನ್ನಿಸುತ್ತಿತ್ತು. ಹಸು ಪ್ರಶ್ನೆ ಕೇಳುವುದಿಲ್ಲ. ಒಮ್ಮೆ ಕತ್ತು ತಿರುಗಿಸಿ ನೋಡುತ್ತದೆ. ಆ ನೋಟದಲ್ಲಿ ಬೇಸರ ಇದ್ದೀತು, ತಿರಸ್ಕಾರ ಇರುವುದಿಲ್ಲ. ತಿರಸ್ಕಾರವೆಲ್ಲ ಅವನದೇ ಸ್ವಂತ ಆಸ್ತಿ. ಅಜ್ಜಂಪುರದ ಪಶು ಆಸ್ಪತ್ರೆಯಲ್ಲಿ ಇನ್‌ಸ್ಪೆಕ್ಟರನಾಗಿ, ಬೆದೆಗೆ ಬಂದ ಹಸುಗಳಿಗೆ ಹೋರಿಯ ವೀರ್ಯದ ಇಂಜೆಕ್ಷನ್ ಹಾಕುತ್ತ ಸುತ್ತಲ ಹಳ್ಳಿಗಳನ್ನು ಅಲೆದು ಅಲೆದು, ದನಗಳ ಬಗ್ಗೆ ಅವನಿಗೆ ಮರ್ಯಾದೆ ಬೆಳೆದಿತ್ತು, ಅವುಗಳ ಹಗ್ಗ ಹಿಡಿದು ನಿಂತವರ ಬಗ್ಗೆ ಇದ್ದದ್ದೂ ಹೊರಟುಹೋಗಿತ್ತು. ಈ ಭಾನುವಾರ ಅವನು ಕೆಲಸಕ್ಕೆ ಬರಲೇಬೇಕೆಂದೇನೂ ಇರಲಿಲ್ಲ. ಮಧ್ಯಾಹ್ನ ಹಿರೇನಲ್ಲೂರಿನಲ್ಲಿ, ಅವನ ಅಕ್ಕ ಕಮಲಾಕ್ಷಮ್ಮನ ಮನೆಯಲ್ಲಿ, ಅವನ ತಮ್ಮ ಹೇಮಂತನಿಗೂ ಅಕ್ಕನ ಕಿರಿಮಗಳು ಬೃಂದಾಳಿಗೂ ತಾಂಬೂಲದ ಶಾಸ್ತ್ರವಿತ್ತು. ಅಪ್ಪ ಸತ್ತಿದ್ದರಿಂದ ಗಂಡಿನ ಕಡೆಯ ಹಿರಿಯ ಅವನೇ. ಅವನು ಎಲೆಯಡಿಕೆಯ ತಟ್ಟೆ ಎತ್ತಿ ಭಾವ ಸಿದ್ದಪ್ಪನ ಕೈಗೆ ಕೊಟ್ಟು, ಭಾವನ ತಟ್ಟೆಯನ್ನು ತಾನು ತೆಗೆದುಕೊಂಡರೆ ಮುಗಿಯಿತು, ಆಮೇಲೆ ಹಿಂದಕ್ಕೆ ಹೋಗುವ ಮಾತಿಲ್ಲ. ಅದಕ್ಕೆ ಮೊದಲು ಅವನು ಒಂದು ಮಾತು ಆಡಬೇಕಿತ್ತು: ಇಬ್ಬರ ರಕ್ತದ ಪರೀಕ್ಷೆ ಆಗುವವರೆಗೆ ಈ ಮದುವೆ ಬೇಡ. ಹೋದ ವರ್ಷದ ಶ್ರಾವಣದಿಂದ ಆ ಮಾತು ಅವನ ಬಾಯಲ್ಲಿ ಬಿಸಿ ಕಡುಬಿನಂತೆ ಕೂತಿತ್ತು, ನುಂಗಲೂ ಆಗದು, ಉಗುಳಲೂ ಆಗದು. ಅದಕ್ಕೇ ಹಳ್ಳಿಯ ರೈತ ಬಸವೇಶ ಫೋನು ಮಾಡಿ ಕಡಸು ಬೆದೆಗೆ ಬಂದಿದೆ ಎಂದದ್ದೇ ತಡ, ಬೈಕು ಹತ್ತಿ ಬಂದುಬಿಟ್ಟಿದ್ದ.

“ಹೋದ ಸಾರಿ ಇದರವ್ವಂಗೆ ಹಾಕಿದ್ರಲ್ಲ ಸಾರ್, ಅದೇ ಹೋರೀದೇ ಹಾಕ್ಬಿಡಿ,” ಎಂದ ಬಸವೇಶ, ಕಡಸಿನ ಮೂಗುದಾರ ಹಿಡಿದುಕೊಂಡು. “ಏನ್ ಲಕ್ಷಣವಾಗಿ ಹುಟ್ಟೈತೆ ನೋಡಿ ಇದು.”

“ಆ ಹೋರಿ ಇದಕ್ಕೆ ಏನಾಗ್ಬೇಕಯ್ಯ?”

ಬಸವೇಶ ಹಲ್ಲು ಕಿರಿದ. “ಅಪ್ಪ ಆಗ್ಬೇಕು.”

“ಗೊತ್ತಿದ್ದೂ ಕೇಳ್ತೀಯಲ್ಲ, ತಲೇಲಿ ಏನ್ ತುಂಬ್ಕೊಂಡಿದೀಯ? ಅಪ್ಪಂದು ಮಗಳಿಗೆ ಹಾಕಿದ್ರೆ ನಾಳೆ ಕರು ಕುರುಡು ಬೀಳುತ್ತೆ, ಕಾಲು ಸೊಟ್ಟ ಬೀಳುತ್ತೆ. ಹೋರಿ ಬದಲಾಯಿಸ್ಬೇಕು, ಬದಲಾಯಿಸ್ಬೇಕು ಅಂತ ಎಷ್ಟು ಸಾರಿ ಬಡ್ಕೊಳ್ಳೋದು ನಿಮಗೆ?”

“ದನಕ್ಕೆ ಅಪ್ಪ ಯಾರು, ಅವ್ವ ಯಾರು, ಬಿಡಿ ಸಾರ್. ಮನುಷ್ಯರೇ ಅಕ್ಕನ ಮಗಳನ್ನ ಮಾಡ್ಕೊಂಡು ಚೆನ್ನಾಗಿಲ್ವಾ?”

ಕುಟುಕಬೇಕೆಂದು ಆಡಿದ ಮಾತಲ್ಲ ಅದು. ಬಸವೇಶನಿಗೆ ಶಿವಪ್ರಸಾದನ ಮನೆಯ ವಿಷಯ ಗೊತ್ತೇ ಇರಲಿಲ್ಲ, ಗೊತ್ತಿದ್ದರೆ ಪಾಪ ನಾಲಿಗೆ ಕಚ್ಚಿಕೊಳ್ಳುತ್ತಿದ್ದ. “ಅದು ಬೇರೆ ಬೆಡಗು ಕಣಯ್ಯ,” ಎಂದುಬಿಟ್ಟ ಶಿವಪ್ರಸಾದ, ಕೈಗವಸು ಕಳಚುತ್ತ, ಎದುರಿನವನ ಮುಖ ನೋಡದೆ. ಅಂದ ಮೇಲೆ ತನ್ನ ಬಾಯಿಯ ಬಗ್ಗೆ ತನಗೇ ಹೇಸಿಗೆಯಾಯಿತು. ಬೆಡಗು! ಅಪ್ಪನಿಂದ ಮಕ್ಕಳಿಗೆ ಬರುವ ಕುಲದ ಹೆಸರು. ಅಕ್ಕ ಮದುವೆಯಾಗಿ ಗಂಡನ ಮನೆಯ ಬೆಡಗಿಗೆ ಸೇರಿದಳು, ಅವಳ ಮಗಳು ಹುಟ್ಟಿದ್ದು ಆ ಬೆಡಗಿನಲ್ಲಿ, ಆದ್ದರಿಂದ ಅವಳು ಬೇರೆ ಮನೆಯ ಹೆಣ್ಣು, ತರಬಹುದು. ಅಜ್ಜಿ ಹಾಗೆಂದಿದ್ದಳು, ಅಪ್ಪ ಹಾಗೆಂದಿದ್ದ, ಅವರ ಅಜ್ಜಂದಿರೂ ಹಾಗೇ ಅಂದುಕೊಂಡು ನಾಲ್ಕು ತಲೆಮಾರಿನಿಂದ ಒಂದೇ ಹಟ್ಟಿಯಲ್ಲಿ ಕೊಟ್ಟು ತಂದುಕೊಂಡು, ನಮ್ಮ ಮನೆ ಹೆಣ್ಣು ಹೊರಗೆ ಹೋಗುವುದಿಲ್ಲ ಎಂದು ಮೀಸೆ ತಿರುವಿದ್ದರು. ಕರು ಹುಟ್ಟಿದರೆ ತಂದೆ ಯಾವುದು ತಾಯಿ ಯಾವುದು ಎರಡನ್ನೂ ಕೇಳಬೇಕೆಂದು ಕಲಿತವನು, ಮೂರ್ಖ ರೈತರಿಗೆಲ್ಲ ಕಲಿಸಿದವನು, ತನ್ನ ಮದುವೆಯ ದಿನ ಮಾತ್ರ ತಂದೆಯ ಕಡೆಯದೊಂದನ್ನೇ ನೋಡಿದ್ದ. ಹೆಂಗಸರು ತಮ್ಮ ಮೈಯಲ್ಲಿ ಏನನ್ನೂ ಹೊತ್ತು ತರುವುದಿಲ್ಲ, ಸೀರೆ ಬದಲಾಯಿಸಿದಂತೆ ರಕ್ತವನ್ನೂ ಬದಲಾಯಿಸಿಕೊಂಡು ಬರುತ್ತಾರೆ ಎಂದುಕೊಂಡಿದ್ದನೇ? ಹಾಗೂ ಅಂದುಕೊಂಡಿರಲಿಲ್ಲ. ಏನನ್ನೂ ಅಂದುಕೊಂಡಿರಲಿಲ್ಲ. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿದ್ದಿತ್ತು, ಅಷ್ಟೆ. ಬಸವೇಶನ ಕಡಸಿಗೆ ಬೇರೆ ಹೋರಿಯದನ್ನು ಹಾಕಿ, ಅವನು ಕೊಡಲು ಬಂದ ಕಾಫಿಯನ್ನೂ ಬೇಡವೆಂದು ಹೊರಟ.

ಮನೆಯಲ್ಲಿ ನಿಖಿತಾ ಹೊರಡಲು ಸಿದ್ಧಳಾಗಿ ಕೂತಿದ್ದಳು. ಅಕ್ಕನ ಹಿರಿಮಗಳು, ಅವನ ಹೆಂಡತಿ. ಹುಟ್ಟಿ ಮಾತು ಬಂದಾಗಿನಿಂದ ಮಾವ ಎಂದು ಕರೆದವಳು ಮದುವೆಯಾದ ಮೇಲೂ ಮಾವ ಎಂದೇ ಕರೆಯುತ್ತಿದ್ದಳು. ಮೊದಲು ಅದು ಸಲಿಗೆಯಂತೆ ಕೇಳಿಸುತ್ತಿತ್ತು, ಈಗ ಪ್ರತಿ ಸಲವೂ ಸಂಬಂಧವನ್ನು ನೆನಪಿಸಿ ಚುಚ್ಚುವಂತೆ ಕೇಳಿಸುತ್ತದೆ. ಅವಳ ತೊಡೆಯ ಮೇಲೆ ಇಂಚರ. ಹುಡುಕಿ ಹುಡುಕಿ ಇಟ್ಟ ಹೆಸರು; ನಾಮಕರಣದ ದಿನ ಬಂದವರೆಲ್ಲ ಬಾಯಿ ತುಂಬ ಹೊಗಳಿದ್ದರು. ಮಗು ಅಮ್ಮ ಅಂದಿತ್ತು, ಅಪ್ಪ ಅಂದಿತ್ತು, ಹಸುವನ್ನು ಕಂಡರೆ ಅಂಬಾ ಅಂದಿತ್ತು, ಗೋಡೆ ಹಿಡಿದು ನಡೆದಿತ್ತು. ಆಮೇಲೆ ಬೆರಳ ತುದಿಯ ಮೇಲೆ ನಡೆಯತೊಡಗಿತು, ಆಮೇಲೆ ಮಂಡಿಗೆ ಮಂಡಿ ತಾಗಿಸಿಕೊಂಡು ಬೀಳತೊಡಗಿತು, ಆಮೇಲೆ ನಡೆಯಲಿಲ್ಲ. ಬಂದ ಮಾತುಗಳು ಬಂದ ದಾರಿಯಲ್ಲೇ ಒಂದೊಂದಾಗಿ ವಾಪಸು ಹೋದವು. ಎಲ್ಲಕ್ಕಿಂತ ಕೊನೆಗೆ ಹೋದದ್ದು ಅಂಬಾ. ಈಗ ನಾಲ್ಕು ವರ್ಷದ ಮೈ ಕೊರಡಿನಂತೆ ಸೆಟೆದುಕೊಂಡು, ಕಾಲಿನ ಮೇಲೆ ಕಾಲು ಹೆಣೆದುಕೊಂಡು ಬಿದ್ದಿರುತ್ತದೆ. ನಿಖಿತಾ ತೆಳು ರಾಗಿ ಗಂಜಿಯನ್ನು ಚಮಚದ ತುದಿಯಲ್ಲಿ ಕೆನ್ನೆಯ ಒಳಗಿಟ್ಟು, ಮಗು ನುಂಗುವವರೆಗೆ ಕಾದು, ಮತ್ತೆ ಇಡುತ್ತಿದ್ದಳು. ಅವಳ ಈ ತಾಳ್ಮೆಯನ್ನು ಕಂಡರೆ ಅವನಿಗೆ ಕೋಪ ಬರುತ್ತಿತ್ತು. ಯಾಕೆ ಎಂದು ಕೇಳಿಕೊಳ್ಳುವ ಧೈರ್ಯ ಇರಲಿಲ್ಲ.

“ಇವತ್ತು ಹೇಳ್ತೀರ ತಾನೆ ಮಾವ?”

“ಹೇಳ್ತೀನಿ.”

“ಯುಗಾದಿಗೆ ಹೋದಾಗ್ಲೂ ಹಿಂಗೇ ಅಂದ್ರಿ.”

“ಹೇಳ್ತೀನಿ ಅಂದ್ನಲ್ಲ. ಆಗ ಮನೆ ತುಂಬ ಜನ ಇದ್ರು.”

“ಇವತ್ತೂ ಇರ್ತಾರೆ. ನಾನು ಹೇಳಿದ್ರೆ ತಂಗಿ ಮದುವೆಗೆ ಹೊಟ್ಟೆಕಿಚ್ಚು ಪಡ್ತಾಳೆ ಅಂತಾರೆ, ಅಮ್ಮನೇ ಅಂತಾಳೆ. ನೀವು ಡಾಕ್ಟ್ರು ಹತ್ರ ಕೂತು ಕೇಳಿದವರು. ನೀವು ಗಂಡಿನ ಕಡೆ ದೊಡ್ಡವರು. ನೀವೇ ಹೇಳ್ಬೇಕು,” ಎಂದವಳು ಮಗುವಿನ ಬಾಯಿ ಒರೆಸಿ ಎದ್ದಳು.

ಕಾರು ಬೀರೂರಿನ ಕಡೆ ತಿರುಗಿತು. ಹೋದ ಶ್ರಾವಣದಲ್ಲಿ ಬೆಂಗಳೂರಿನ ಡಾಕ್ಟರು ಮಗುವಿನ ಕಾಲನ್ನು ಕೈಯಲ್ಲಿ ಹಿಡಿದುಕೊಂಡೇ ಮಾತಾಡಿದ್ದರು. ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು, ಇದು ಲ್ಯೂಕೋಡಿಸ್ಟ್ರೋಫಿ ಎನ್ನುವ ಗುಂಪಿನ ಕಾಯಿಲೆ, ಮೆದುಳಿನ ಬಿಳಿ ಭಾಗದ್ದು, ನರಗಳ ಮೇಲೆ ಕೊಬ್ಬಿನ ಒಂದು ಪೊರೆ ಇರುತ್ತದೆ, ಅದು ಕರಗಿ ಹೋಗುತ್ತಿದೆ, ಹುಟ್ಟಿನಿಂದಲೇ ಬಂದದ್ದು, ಇಷ್ಟು ಮುಂದುವರಿದ ಮೇಲೆ ಔಷಧಿ ಇಲ್ಲ ಎಂದಿದ್ದರು. ಶಿವಪ್ರಸಾದ ತಲೆಯಾಡಿಸಿದ್ದ, ತಾನೂ ಈ ಕಸುಬಿನವನೇ ಎನ್ನುವಂತೆ. ಹುಚ್ಚು ಹಿಡಿದು ಸತ್ತ ದನಗಳ ತಲೆ ಒಡೆದು ಪರೀಕ್ಷೆಗೆ ಕಳಿಸಿದ್ದವನಿಗೆ ಬಿಳಿ ಭಾಗ ಹೇಗಿರುತ್ತದೆಂದು ಗೊತ್ತಿತ್ತು. ಅಪ್ಪನಿಂದ ಒಂದು ಅಮ್ಮನಿಂದ ಒಂದು, ಎರಡೂ ಕೆಟ್ಟ ಪ್ರತಿಗಳೇ ಮಗುವಿಗೆ ಬಂದಾಗ ಮಾತ್ರ ಹೀಗಾಗುತ್ತದೆ, ಒಂದೇ ಬಂದರೆ ಏನೂ ಆಗುವುದಿಲ್ಲ, ಹೊತ್ತುಕೊಂಡು ತಿರುಗುತ್ತಿರುತ್ತಾರೆ ಅಷ್ಟೆ ಎಂದರು ಡಾಕ್ಟರು. ನೀವಿಬ್ಬರೂ ಸಂಬಂಧದವರೇ? ಹೌದು ಎಂದಳು ನಿಖಿತಾ, ನಮ್ಮ ತಾಯಿಯ ತಮ್ಮ. ಡಾಕ್ಟರು ಮುಖದಲ್ಲಿ ಏನನ್ನೂ ತೋರಿಸಲಿಲ್ಲ. ಆದರೆ ಶಿವಪ್ರಸಾದ ಆ ಏನೂ ತೋರಿಸದ ಮುಖವನ್ನು ಚೆನ್ನಾಗಿ ಬಲ್ಲ. ಹಳ್ಳಿಯವರ ಎದುರು ಅವನೇ ಅದನ್ನು ಹಾಕಿಕೊಳ್ಳುತ್ತಿದ್ದ. ಎಷ್ಟು ಓದಿದ್ದೀರಿ, ಏನು ಕೆಲಸ ಎಂದು ಮುಂದೆ ಕೇಳಿಯಾರು ಎಂದು ಅವನು ಹೆದರಿದ. ಅವರು ಕೇಳಿದ್ದು ಬೇರೆ. ನಿಮ್ಮ ಮನೆಯಲ್ಲಿ ಹಿಂದೆ ಹೀಗೆ ಬೇರೆ ಮಗು ಯಾವುದಾದರೂ? ಇಲ್ಲ ಎಂದ ಶಿವಪ್ರಸಾದ. ಕೇಳಿ ಮುಗಿಸುವ ಮೊದಲೇ ಎಂದ. ಡಾಕ್ಟರು, ಮನೆಯಲ್ಲಿ ಮದುವೆಗೆ ಇರುವವರಿಗೆಲ್ಲ ರಕ್ತ ಪರೀಕ್ಷೆ ಮಾಡಿಸಿ, ಸಂಬಂಧದೊಳಗೇ ಮಾಡುವುದಾದರೆ ಮಾಡಿಸಲೇಬೇಕು ಎಂದು ಎದ್ದರು.

ವಾಪಸು ಬಂದು ಅವನು ಅಕ್ಕನಿಗೆ ಹೇಳಿದ್ದು ಇಷ್ಟೇ: ಮೆದುಳಿನ ಬಿಳಿ ಭಾಗ ಕರಗ್ತಾ ಇದೆಯಂತೆ. ಎಲ್ಲಿಂದ ಬಂತೆಂದು ಹೇಳಲಿಲ್ಲ. ಕಮಲಾಕ್ಷಮ್ಮ ಅಷ್ಟನ್ನೇ ಹಿಡಿದುಕೊಂಡಳು. ಬಿಳಿಯದು ಹೋಗುತ್ತಿದ್ದರೆ ಬಿಳಿಯದನ್ನು ತುಂಬಬೇಕು. ಹಾಲಿನ ಕೆನೆ, ಎಳನೀರ ಗಂಜಿ, ಬೂದುಗುಂಬಳದ ರಸ, ಎಲ್ಲವೂ ಹಿರೇನಲ್ಲೂರಿನಿಂದ ಬಂದವು. ಕೊಬ್ಬಿನ ಪೊರೆ ಎಂದು ನಿಖಿತಾಳ ಬಾಯಿಂದ ಕೇಳಿದ ಮೇಲಂತೂ ಬೆಣ್ಣೆ. ಕಡೆದ ಬೆಣ್ಣೆಯನ್ನು ಮಗುವಿನ ನೆತ್ತಿಗೆ ಮೆತ್ತಿ ಒಣಬಟ್ಟೆ ಕಟ್ಟುವಳು. ಒಳಗೆ ಇಳಿದು ಪೊರೆ ಕಟ್ಟುತ್ತದಂತೆ. ನೆಂಟರೂ ಹಿಂದೆ ಬೀಳಲಿಲ್ಲ. ಒಬ್ಬರು ಬಾಲಗ್ರಹ ಅಂದರು, ಒಬ್ಬರು ಪೋಲಿಯೊ ಹನಿ ಹೆಚ್ಚಾಗಿದೆ ಅಂದರು, ನಿಖಿತಾ ಬಸುರಿಯಾಗಿದ್ದಾಗ ಗ್ರಹಣದಲ್ಲಿ ಅಡಕೆ ಕತ್ತರಿಸಿದ್ದಳೆಂದು ಒಬ್ಬಳು ಕಣ್ಣಾರೆ ಕಂಡವಳಂತೆ ಹೇಳಿದಳು. ಶಿವಪ್ರಸಾದ ಎಲ್ಲರನ್ನೂ ಒಳಗೊಳಗೇ ಹೀಯಾಳಿಸಿದ. ಮಂದೆ, ಕುರಿಮಂದೆ ಎಂದುಕೊಂಡ. ಹೀಯಾಳಿಸುವುದು ಎಷ್ಟು ಅನುಕೂಲವಾಗಿತ್ತೆಂದರೆ, ಇಂಥವರಿಗೆ ಹೇಳಿ ಏನು ಪ್ರಯೋಜನ ಎಂದುಕೊಂಡು ಹೇಳದೆ ಇರಬಹುದಾಗಿತ್ತು. ನಿಜವಾಗಿ ಅವನು ಹೆದರಿದ್ದು ಅವರ ದಡ್ಡತನಕ್ಕಲ್ಲ. ಅವರಿಗೆ ಅರ್ಥವಾಗಿಬಿಟ್ಟರೆ? ಊರ ದನಕ್ಕೆಲ್ಲ ಬುದ್ಧಿ ಹೇಳೋ ಇನ್‌ಸ್ಪೆಕ್ಟರು ತನ್ನ ಮನೇಲಿ ಏನ್ ಮಾಡ್ಕೊಂಡ ನೋಡ್ರಿ ಎಂದು ಒಬ್ಬ ನಕ್ಕರೆ ಸಾಕಿತ್ತು, ಅವನು ಮತ್ತೆ ಯಾವ ಕೊಟ್ಟಿಗೆಗೂ ಕಾಲಿಡಲಾರದವನಾಗುತ್ತಿದ್ದ.

ಹೇಮಂತನಿಗಾದರೂ ಹೇಳಬಹುದಿತ್ತು. ತರೀಕೆರೆಯಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ ಅವನದು. ನರದ ಮೇಲಿನ ಪೊರೆ ಎಂದರೆ ಅವನಿಗೆ ತಟ್ಟನೆ ತಿಳಿಯುತ್ತಿತ್ತು, ತಂತಿ ಮೇಲಿನ ವಾರ್ನಿಶ್ ಹೋದರೆ ಮೋಟಾರು ಗತಿ ಏನೆಂದು ಅವನಿಗಿಂತ ಚೆನ್ನಾಗಿ ಬಲ್ಲವರಾರು. ಹೋದ ತಿಂಗಳು ಹೇಳಲೆಂದೇ ಅಂಗಡಿಗೆ ಹೋಗಿದ್ದ. ಹೇಮಂತ ಕೈಯೆಲ್ಲ ಗ್ರೀಸು ಮಾಡಿಕೊಂಡು, ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು ನಗುತ್ತಿದ್ದ. ಆ ಕಡೆ ಬೃಂದಾ ಇದ್ದಳೆಂದು ನೋಡಿದರೇ ಗೊತ್ತಾಗುತ್ತಿತ್ತು. ಶಿವಪ್ರಸಾದ ಮೋಟಾರುಗಳ ವಿಚಾರ ಮಾತಾಡಿ, ಟೀ ಕುಡಿದು ಬಂದ.

ಹಿರೇನಲ್ಲೂರಿನ ಮನೆಯ ಮುಂದೆ ಶಾಮಿಯಾನ ಏನೂ ಇರಲಿಲ್ಲ. ಮನೆಯವರೇ ಮನೆಯವರಿಗೆ ಹೆಣ್ಣು ಕೊಡುವಾಗ ಯಾರಿಗೆ ತೋರಿಸಬೇಕು? ಪಡಸಾಲೆಯಲ್ಲಿ ಜಮಖಾನ, ಅದರ ಮೇಲೆ ಹತ್ತೆಂಟು ಜನ ಬಂಧುಗಳು, ನಡುವೆ ಸಂಬಂಧದಲ್ಲಿ ಎಲ್ಲರಿಗಿಂತ ಹಿರಿಯನಾದ ಮುನಿಯಪ್ಪ. ನಾಲ್ಕು ತಲೆಮಾರಿನ ಕೊಡು-ತರುವಿಕೆಯಲ್ಲಿ ಎರಡಕ್ಕಾದರೂ ಈ ಮುದುಕನೇ ಎಲೆಯಡಿಕೆ ಹಂಚಿದ್ದ. ಕಾರಿನಿಂದ ಇಳಿಯುತ್ತಿದ್ದಂತೆಯೇ ಕಮಲಾಕ್ಷಮ್ಮ ಓಡಿ ಬಂದು ಮೊಮ್ಮಗಳನ್ನು ಎತ್ತಿಕೊಂಡು ಮುತ್ತಿಟ್ಟು, ಕಣ್ಣಲ್ಲಿ ನೀರು ತಂದುಕೊಂಡು, ಅದೇ ಉಸಿರಿನಲ್ಲಿ ಮಗಳಿಗೆ ಹೇಳಿದಳು:

“ಹಿಂದಿನ ಕೋಣೇಲಿ ಮಲಗಿಸ್ಬಿಡೇ. ಬೆಣ್ಣೆ ತೆಗ್ದಿಟ್ಟಿದೀನಿ, ಹಚ್ತೀನಿ. ಶುಭ ಕಾರ್ಯ ನಡೆಯೋ ಜಾಗದಲ್ಲಿ... ನಾಲ್ಕು ಜನ ನಾಲ್ಕು ಮಾತಾಡ್ತಾರೆ, ನಿನಗೂ ಸಂಕಟ.”

ನಿಖಿತಾ ಗಂಡನ ಮುಖ ನೋಡಿದಳು. ಶಿವಪ್ರಸಾದ ಕಾರಿನ ಬಾಗಿಲು ಸರಿಯಾಗಿ ಹಾಕಿಕೊಂಡಿದೆಯೇ ಎಂದು ಎರಡು ಸಲ ಎಳೆದು ನೋಡಿದ.

ಹಿಂದಿನ ಕೋಣೆ. ಮಗುವಿನ ಬಟ್ಟೆಯ ಚೀಲ ಇಡುವ ನೆಪದಲ್ಲಿ ಅವನೂ ಒಳಗೆ ಹೋದ. ಕೊಬ್ಬರಿಯ ಕಮಟು ವಾಸನೆ, ಒಂದು ಕಿಟಕಿ, ಕಿಟಕಿಯಾಚೆ ಹಿತ್ತಿಲ ಅಂಗಳ. ಕೋಣೆಯಲ್ಲಿ ಏನೂ ಬದಲಾಗಿರಲಿಲ್ಲ, ಮಂಚವೂ ಅದೇ. ಕಮಲಾಕ್ಷಮ್ಮ ಮಗುವಿನ ಪಕ್ಕ ಕೂತು ನೆತ್ತಿಗೆ ಬೆಣ್ಣೆ ಮೆತ್ತುತ್ತಿದ್ದಳು. ಎಡಗೈಯಲ್ಲಿ ಗಲ್ಲ ಹಿಡಿದು, ಬಲಗೈಯ ಮೂರು ಬೆರಳಲ್ಲಿ ನೆತ್ತಿಯಿಂದ ಹಣೆಯ ಕಡೆಗೆ. ಅದು ಮೊದಲ ಬಾರಿ ಮಾಡುವವರ ಕೈಯಲ್ಲ. ಆ ಬೆರಳುಗಳಿಗೆ ದಾರಿ ಗೊತ್ತಿತ್ತು. ಶಿವಪ್ರಸಾದನಿಗೂ ಗೊತ್ತಿತ್ತು. ಅವ್ವ ಸತ್ತ ಮೇಲೆ ಅವನನ್ನೂ ಕೂಸು ಹೇಮಂತನನ್ನೂ ಅಕ್ಕ ಈ ಮನೆಗೆ ತಂದು ಸಾಕಿಕೊಂಡಾಗ ಈ ಮಂಚದ ಮೇಲೆ ಅವಳ ಮೊದಲ ಮಗ ಮಲಗುತ್ತಿದ್ದ. ಪುಟ್ಟ. ಚಿಕ್ಕವನಿರುವಾಗಲೇ ತೀರಿಕೊಂಡ; ಶಾಸ್ತ್ರದ ಹೆಸರೊಂದು ಇತ್ತು, ಯಾರಿಗೂ ನೆನಪಿಲ್ಲ. ಹಾಸಿಗೆ ಹಿಡಿಯುವುದಕ್ಕೆ ಮೊದಲು ಪುಟ್ಟ ನಡೆಯುತ್ತಿದ್ದ, ಬೆರಳ ತುದಿಯ ಮೇಲೆ, ಮಂಡಿಗೆ ಮಂಡಿ ಬಡಿದುಕೊಂಡು, ಕೈಗಳನ್ನು ಕೋಳಿ ರೆಕ್ಕೆಯ ಹಾಗೆ ಎತ್ತಿಕೊಂಡು. ಹಿತ್ತಿಲ ಅಂಗಳದಲ್ಲಿ ಓಣಿಯ ಹುಡುಗರು ಸೇರಿದರೆ ಶಿವಪ್ರಸಾದ ಹಾಗೆ ನಡೆದು ತೋರಿಸುತ್ತಿದ್ದ. ಎಷ್ಟು ಚೆನ್ನಾಗಿ ನಡೆಯುತ್ತಿದ್ದನೆಂದರೆ ಹುಡುಗರು ನೆಲದ ಮೇಲೆ ಬಿದ್ದು ಉರುಳಾಡಿ ನಗುತ್ತಿದ್ದರು, ಇನ್ನೊಂದ್ಸಾರಿ ಇನ್ನೊಂದ್ಸಾರಿ ಎನ್ನುತ್ತಿದ್ದರು. ಅದೊಂದು ಆಟವೆಂದುಕೊಂಡು ಪುಟ್ಟನೂ ನಗುತ್ತಿದ್ದ, ಅವನ ಹಿಂದೆ ಹಿಂದೆ ಬರಲು ಹೋಗಿ ಬೀಳುತ್ತಿದ್ದ. ಪರರ ಮನೆಯಲ್ಲಿ ಅನ್ನ ತಿನ್ನುತ್ತಿದ್ದ ತಾಯಿಯಿಲ್ಲದ ಹುಡುಗನಿಗೆ ಇದ್ದ ದೊಡ್ಡಸ್ತಿಕೆ ಅದೊಂದೇ. ಇಂಚರ ಮೊದಲ ಬಾರಿ ಬೆರಳ ತುದಿಯ ಮೇಲೆ ನಡೆದ ದಿನ ನಿಖಿತಾ, ಅಯ್ಯೋ ಡ್ಯಾನ್ಸ್ ಮಾಡ್ತಾಳೆ ನೋಡಿ ಮಾವ ಎಂದು ಚಪ್ಪಾಳೆ ತಟ್ಟಿದ್ದಳು. ಅವನಿಗೆ ಆ ನಡಿಗೆ ತನ್ನ ಸ್ವಂತ ಕಾಲುಗಳಲ್ಲಿ ನೆನಪಾಗಿತ್ತು. ಅವತ್ತೇ ತಿಳಿದಿತ್ತು. ಡಾಕ್ಟರಿಗೆ ಇಲ್ಲ ಎಂದದ್ದು ತಿಳಿಯದೆ ಅಲ್ಲ.

ಹೊಸ ಸೀರೆಯ ಬೃಂದಾ ಬಾಗಿಲಲ್ಲಿ ನಿಂತಿದ್ದಳು. ಕಡೂರಿನ ಕಾಲೇಜಿನಲ್ಲಿ ಡಿಗ್ರಿ ಮುಗಿಸಿದ ಹುಡುಗಿ, ನಗುವ ಬಾಯಿ. ಇವತ್ತು ನಗುತ್ತಿರಲಿಲ್ಲ. “ದೊಡ್ಡಮಾವ, ನಂಗೇನಾದ್ರೂ ಹೇಳೋದಿದೆಯಾ?” ಎಂದಳು.

“ಏನಿಲ್ವಲ್ಲ. ಯಾಕೆ?”

“ಸುಮ್ನೆ ಕೇಳ್ದೆ,” ಎಂದು ಅವಳು ನಿಖಿತಾಳ ಪಕ್ಕ ಹೋಗಿ ಕೂತಳು. ಅಕ್ಕ ತಂಗಿಯರಿಬ್ಬರೂ ಅವನ ಕಡೆ ನೋಡಲಿಲ್ಲ.

ಪಡಸಾಲೆಯಲ್ಲಿ ಎರಡು ಹಿತ್ತಾಳೆ ತಟ್ಟೆಗಳು ಎದುರುಬದುರಾಗಿ ಕೂತಿದ್ದವು: ಎಲೆ, ಅಡಿಕೆ, ಬಾಳೆಹಣ್ಣು, ಇದೇ ತೋಟದ ತೆಂಗಿನಕಾಯಿ. ಒಂದೇ ಅಡುಗೆಮನೆಯಿಂದ ಬಂದ ತಟ್ಟೆಗಳು, ಒಂದೇ ಹೆಂಗಸು ಎರಡನ್ನೂ ತುಂಬಿದ್ದಳು. ಅವು ಈಗ ಇಬ್ಬರು ಅಪರಿಚಿತರ ಹಾಗೆ ಪರಸ್ಪರ ಒಪ್ಪಿಗೆ ಕೇಳಬೇಕು, ಎಂಥ ನಾಟಕ ಎಂದುಕೊಂಡ ಶಿವಪ್ರಸಾದ. ಸಿದ್ದಪ್ಪ ಒಗೆದ ಪಂಚೆಯುಟ್ಟು ಗಂಟಲು ಸರಿಮಾಡಿಕೊಂಡು ಕೂತಿದ್ದ. ಅವನೂ ಹೊರಗಿನವನೇನಲ್ಲ, ಕಮಲಾಕ್ಷಮ್ಮನ ಸೋದರತ್ತೆಯ ಮಗ. ಹೇಮಂತ ಹೊಸ ಅಂಗಿಯ ಮಡಿಕೆಗಳೊಳಗೆ ಸೆಟೆದು ಕೂತು, ಹಿಂದಿನ ಕೋಣೆಯ ಕಡೆ ಕಳ್ಳನೋಟ ಹರಿಸುತ್ತಿದ್ದ. ಶಿವಪ್ರಸಾದ ದಾರಿಯಲ್ಲಿ ಜೋಡಿಸಿಕೊಂಡಿದ್ದ ವಾಕ್ಯಗಳನ್ನು ಮನಸ್ಸಿನಲ್ಲಿ ತಿರುವಿ ಹಾಕಿದ. ಜೀನ್, ಕ್ಯಾರಿಯರ್, ರಿಸ್ಕ್, ಪ್ರಿಕಾಷನ್. ಹಾಗೆ ಹೇಳಿದರೆ ಯಾರಿಗೂ ಪೂರ್ತಿ ಅರ್ಥವಾಗುವುದಿಲ್ಲ, ಹೇಳಿದ ಹಾಗೂ ಆಗುತ್ತದೆ. ಅದೇ ಸರಿ ಎನ್ನಿಸಿತು.

ಮುನಿಯಪ್ಪ ಕೇಳಿದ. ಶಾಸ್ತ್ರದಲ್ಲಿ ಕೇಳಲೇಬೇಕಾದ ಮಾತು ಅದು, ಉತ್ತರ ಬರುವುದೂ ಶಾಸ್ತ್ರಕ್ಕೇ: “ಏನಪ್ಪಾ ಶಿವಪ್ರಸಾದ, ತಟ್ಟೆ ಎತ್ತೋ ಮುಂಚೆ ನಿಮ್ಮ ಕಡೆಯಿಂದ ಏನಾರ ಮಾತು ಐತಾ?”

ಎಲ್ಲರೂ ಅವನ ಕಡೆ ನೋಡಿದರು. ಕೇಳಿದ್ದಾರೆ, ಹೇಳು. ಇಷ್ಟು ದಿನ ಯಾರೂ ಕೇಳಲಿಲ್ಲ ಎಂದುಕೊಂಡು ತಪ್ಪಿಸಿಕೊಂಡೆ, ಈಗ ಕೇಳಿದ್ದಾರೆ. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು, ಬೆಣ್ಣೆಯ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, ಎರಡು ಮನೆಯ ಸಂತೋಷವನ್ನು ಒಂದೇ ಮುಖದಲ್ಲಿ ಹೊತ್ತುಕೊಂಡು.

“ಏನಿಲ್ಲ,” ಎಂದ ಶಿವಪ್ರಸಾದ.

ಅವನ ಬಾಯಿಂದ ಅದು ಎಷ್ಟು ಸಲೀಸಾಗಿ ಬಂತೆಂದರೆ ಬೇರೆ ಯಾರೋ ಆಡಿದ ಹಾಗಿತ್ತು. ಡಾಕ್ಟರಿಗೆ ಹೇಳಿದ ಇಲ್ಲ ಕೂಡ ಹೀಗೇ ಬಂದಿತ್ತು. ಕೈ ತಟ್ಟೆಯ ಅಂಚು ಹಿಡಿಯಿತು. ಹೇಡಿ, ಎಂದುಕೊಂಡ ತನ್ನನ್ನೇ, ಹೆಚ್ಚೇನೂ ಆಶ್ಚರ್ಯವಿಲ್ಲದೆ. ತಟ್ಟೆ ಎತ್ತಿದ. ಸಿದ್ದಪ್ಪ ಎರಡೂ ಕೈ ಚಾಚಿದ.

ಅಷ್ಟರಲ್ಲಿ ಬೃಂದಾ ಬಂದಳು. ಕರೆಯುವ ಮೊದಲೇ ಬಂದಳು, ಇಂಚರಳನ್ನು ಎರಡೂ ತೋಳಲ್ಲಿ ಎತ್ತಿಕೊಂಡು. ಹೊಸ ಸೀರೆಯ ಜರಿಗೆ ಮಗುವಿನ ಸೆಟೆದ ಕಾಲುಗಳು ತಗಲಿಕೊಂಡಿದ್ದವು. ಅವಳು ನೇರವಾಗಿ ನಡೆದು, ಅವನ ಕೈಗೂ ತನ್ನ ಅಪ್ಪನ ಕೈಗೂ ನಡುವೆ ಜಮಖಾನದ ಮೇಲೆ ಕೂತು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಳು. ನೆತ್ತಿಯ ಬೆಣ್ಣೆ ಸೆಕೆಗೆ ಕರಗಿ ಹಣೆಯ ಮೇಲೆ ಇಳಿಯುತ್ತಿತ್ತು. ಹಿಂದೆ ನಿಖಿತಾ ಬಾಗಿಲಿಗೊರಗಿ ನಿಂತಳು.

“ಲೇ ಬೃಂದಾ, ಮಗೂನ ಯಾಕೇ ತಂದೆ? ಒಳಗೆ ಮಲಗಿಸೇ!” ಎಂದಳು ಕಮಲಾಕ್ಷಮ್ಮ.

“ಇವಳನ್ನ ನೋಡ್ಬಿಟ್ಟು ತಟ್ಟೆ ಕೊಡಿ ದೊಡ್ಡಮಾವ,” ಎಂದಳು ಬೃಂದಾ. “ಅಕ್ಕ ನಂಗೆಲ್ಲಾ ಹೇಳಿದಾಳೆ. ನೀವಾಗೇ ಬಾಯಿ ಬಿಡ್ತೀರೇನೋ ಅಂತ ಬಾಗಿಲ ಹಿಂದೆ ನಿಂತ್ಕೊಂಡು ಕೇಳ್ತಿದ್ದೆ. ಏನಿಲ್ಲ ಅಂದ್ರಲ್ಲ! ನಾಳೆ ನಂಗೂ ಇಂಥ ಮಗು ಹುಟ್ಟಿದ್ಮೇಲೂ ಏನಿಲ್ಲ ಅಂತೀರಾ?”

ಅವಳು ಅವನನ್ನು ನೋಡಿದ ರೀತಿ ಅವನಿಗೆ ಹೊಸದಾಗಿರಲಿಲ್ಲ. ಬೆಳಿಗ್ಗೆ ಬಸವೇಶನನ್ನು ಅವನು ನೋಡಿದ್ದು ಹಾಗೇ. ತಲೇಲಿ ಏನ್ ತುಂಬ್ಕೊಂಡಿದೀಯ ಎಂದು ಕೇಳುವ ನೋಟ. ಅಷ್ಟು ವರ್ಷ ಊರೂರಿಗೆ ಹಂಚಿದ ತಿರಸ್ಕಾರ ಒಂದೇ ಸಲ ಮನೆಗೆ ಬಂದಿತ್ತು. ಜೋಡಿಸಿಕೊಂಡಿದ್ದ ವಾಕ್ಯಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಮಗುವಿನ ಕಾಲುಗಳಷ್ಟೇ ಕಂಡವು.

“ಅಕ್ಕಾ,” ಎಂದ. “ಪುಟ್ಟನ ಕಾಲೂ ಹಿಂಗೇ ಇದ್ವಲ್ಲ?”

ಆ ಮನೆಯಲ್ಲಿ ಆ ಹೆಸರು ಎತ್ತಿ ಎಷ್ಟೋ ಕಾಲವಾಗಿತ್ತು. ಹೇಮಂತ, ಯಾವ ಪುಟ್ಟ ಎನ್ನುವಂತೆ ಅಣ್ಣನನ್ನೂ ಅಕ್ಕನನ್ನೂ ನೋಡಿದ. ಸಿದ್ದಪ್ಪ ಚಾಚಿದ ಕೈಗಳನ್ನು ಮೆಲ್ಲಗೆ ತೊಡೆಯ ಮೇಲೆ ಇಟ್ಟುಕೊಂಡ. “ಈಗ್ಯಾಕೋ ಆ ಮಾತು?” ಎಂದ.

“ಅದೇ ಕಾಯಿಲೆ ಭಾವ. ಗ್ರಹ ಅಲ್ಲ, ಗ್ರಹಣ ಅಲ್ಲ. ನನ್ನಲ್ಲೂ ಐತೆ, ನಿಖಿತಾಳಲ್ಲೂ ಐತೆ, ಅಕ್ಕನಲ್ಲೂ ಐತೆ, ನಿಮ್ಮಲ್ಲೂ ಐತೆ. ನಾವು ನಾಲ್ಕೂ ಜನ ಚೆನ್ನಾಗೇ ಇದೀವಿ, ಮಕ್ಕಳಿಗೆ ಕೊಟ್ವಿ. ಇವರಿಬ್ಬರಲ್ಲೂ ಇರಬಹುದು, ಇಲ್ದೆಯೂ ಇರಬಹುದು. ರಕ್ತ ಪರೀಕ್ಷೆ ಮಾಡಿಸ್ಬೇಕು. ಅಲ್ಲೀಗಂಟ ತಟ್ಟೆ ಬೇಡ.”

“ಬೆಡಗು ಬೇರೆ ಅಲ್ವೇನಪ್ಪಾ?” ಎಂದ ಮುನಿಯಪ್ಪ, ನಿಜವಾಗಿಯೇ ಗೊತ್ತಾಗದೆ.

“ಬೆಡಗು ಗಂಡಸರ ಲೆಕ್ಕ ಮುನಿಯಪ್ಪಜ್ಜ. ರಕ್ತ ಹೆಂಗಸರ ಕಡೆಯಿಂದಾನೂ ಬರುತ್ತೆ. ದನಕ್ಕೆ ನೋಡಿದಷ್ಟೂ ನಾನು ನೋಡ್ಲಿಲ್ಲ.”

ಯಾರೋ ನಕ್ಕರೆಂದು ಅವನಿಗೆ ಅನ್ನಿಸಿತು. ಯಾರೂ ನಕ್ಕಿರಲಿಲ್ಲ. ಇಷ್ಟು ದಿನ ಹೆದರಿದ ನಗೆ ಬರಲೇ ಇಲ್ಲ. ಬಂಧುಗಳು ಕೂತಲ್ಲೇ ಮಗುವನ್ನು ಮೊದಲ ಬಾರಿ ಸರಿಯಾಗಿ ನೋಡುತ್ತಿದ್ದರು. ಮುನಿಯಪ್ಪ ಸ್ವಲ್ಪ ಹೊತ್ತು ನೋಡಿ, ಸಿದ್ದಪ್ಪನ ಕಡೆ ಬಾಗಿ, “ಹಂಗಾದ್ರೆ ಊಟ?” ಎಂದು ಪಿಸುಗುಟ್ಟಿದ. ಹೇಮಂತ ಹೊಸ ಅಂಗಿಯ ತೋಳಿನ ಗುಂಡಿಯನ್ನು ಬಿಚ್ಚಿ ಮಡಿಸಿಕೊಂಡ. “ರಕ್ತ ತಾನೆ ಅಣ್ಣ? ತಗೊಂಡ್ರಾಯ್ತು. ಇಷ್ಟಕ್ಕೆ ಯಾಕೆ ಇಷ್ಟು ದಿನ ಸುಮ್ನಿದ್ದೆ?” ಎಂದ, ಬೃಂದಾಳ ಕಡೆ ನೋಡುತ್ತಲೇ. ಬೃಂದಾ ಈಗ ಅಳುತ್ತಿದ್ದಳು.

ಕಮಲಾಕ್ಷಮ್ಮ ಬಂದು ಮಗಳ ಎದುರು ಕೂತಳು. ಅವಳ ಮುಖದಲ್ಲಿ ಏನಿತ್ತೆಂದು ಶಿವಪ್ರಸಾದನಿಗೆ ನೋಡಲಾಗಲಿಲ್ಲ. ಅವಳು ಸೆರಗಿನ ತುದಿಯಿಂದ ಇಂಚರಳ ಹಣೆಯ ಬೆಣ್ಣೆಯನ್ನು ಒರೆಸಿದಳು, ಆಮೇಲೆ ನೆತ್ತಿಯದನ್ನು. ಕೂದಲ ಬುಡದಲ್ಲಿ ಉಳಿದದ್ದನ್ನೂ ಉಗುರಿನಿಂದ ಮೆಲ್ಲಗೆ ಕೆರೆದು ಕೆರೆದು ತೆಗೆದಳು. ತುಂಬಾ ಹೊತ್ತು ಅದನ್ನೇ ಮಾಡುತ್ತಿದ್ದಳು.

“ನೀನು ಹಿತ್ತಿಲಲ್ಲಿ ಅವನಂಗೆ ನಡೆದು ತೋರಿಸ್ತಿದ್ದೆ,” ಎಂದಳು, ತಲೆ ಎತ್ತದೆ.

“ನೋಡಿದ್ಯಾ ಅಕ್ಕ?”

“ಕಿಟಕೀಲಿ ನಿಂತು ನೋಡ್ದೆ ಕಣೋ. ಬಂದು ನಿನ್ನ ಚರ್ಮ ಸುಲೀಬೇಕು ಅಂದ್ಕೊಂಡೆ. ಬಾಗಿಲತಂಕ ಬಂದೆ.” ಮಗುವಿನ ಒಂದು ಪಾದವನ್ನು ಅಂಗೈಯಲ್ಲಿ ಹಿಡಿದುಕೊಂಡಳು. “ಥೇಟ್ ಅವನಂಗೇ ನಡೀತಿದ್ದೆ. ನಂಗೂ ನಗು ಬಂದ್ಬಿಡ್ತು.”

ತಟ್ಟೆ ಇನ್ನೂ ಶಿವಪ್ರಸಾದನ ಕೈಯಲ್ಲೇ ಇತ್ತು. ಅದನ್ನು ಎಲ್ಲಿ ಇಡಬೇಕೆಂದು ಅವನಿಗೆ ತಿಳಿಯಲಿಲ್ಲ.